ಹಗೇವಿಗೆ ಇಳಿಬಿಟ್ಟ ದೀಪ
ಕಂಪ್ಯೂಟರಿನ ತಿರುಳನ್ನು ಅಪಾಯವಿಲ್ಲದೆ ಓದುವ ಬಗೆ

ಅಜ್ಜಂಪುರ ಸೀಮೆಯ ಅಂತರಘಟ್ಟೆ ಅಮ್ಮನವರ ಜಾತ್ರೆಯಿಂದ ಹೆಸರಾದ ಊರು. ಜಾತ್ರೆಯ ಕಾಲದಲ್ಲಿ ಸುತ್ತಣ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಸಾಲಾಗಿ ಅಲ್ಲಿಗೆ ಬರುವುದನ್ನು ನೋಡಿದವರು ಮರೆಯಲಾರರು. ಒಮ್ಮೆ ಅಲ್ಲಿ ಗಾಡಿಯ ನೆರಳಿನಲ್ಲಿ ಕುಳಿತಿದ್ದ ವೃದ್ಧ ರೈತರೊಬ್ಬರು ಹಗೇವಿನ ವಿಷಯವನ್ನು ನನಗೆ ವಿವರಿಸಿ ಹೇಳಿದರು. ಭೌತವಿಜ್ಞಾನವನ್ನು ಬೋಧಿಸುವ ನನಗೆ ಅವರ ಮಾತಿನಲ್ಲಿ ಒಂದು ಒಳ್ಳೆಯ ಪಾಠವೇ ದೊರೆಯಿತು. ಆ ಪಾಠವು ಕಂಪ್ಯೂಟರಿಗೂ ಅನ್ವಯಿಸುವುದೆಂದು ಹೊಳೆದದ್ದು ಅನಂತರ.

ಹಗೇವು ಎಂಬ ಮಾತು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅಪರಿಚಿತವಾಗಿರಬಹುದು. ಬಯಲುಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ವರ್ಷಾನುಗಟ್ಟಲೆ ಕೆಡದಂತೆ ಇಡಲು ನೆಲದಲ್ಲಿ ತೋಡುತ್ತಿದ್ದ ಆಳವಾದ ಕಣಜವೇ ಹಗೇವು. ಅದರ ಬಾಯಿ ಕಿರಿದು, ಹೊಟ್ಟೆ ಅಗಲ. ಧಾನ್ಯ ತುಂಬಿದ ಮೇಲೆ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ನೆಲಕ್ಕೆ ಸಮಮಾಡಿಬಿಡುತ್ತಿದ್ದರು. ಕಳ್ಳಕಾಕರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಆದರೆ ಒಡೆಯನಿಗೂ ಅದರಲ್ಲಿ ಒಂದು ಅಪಾಯ ಕಾದಿರುತ್ತಿತ್ತು. ಧಾನ್ಯವೂ ಉಸಿರಾಡುವ ವಸ್ತು. ಮುಚ್ಚಿದ ಗುಂಡಿಯಲ್ಲಿ ಅದು ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಅರಿಯದೆ ಇಳಿದವನು ಮೇಲೆ ಬಾರದೆ ಹೋಗುವುದುಂಟು.

ಆದಕಾರಣ ಬಾಯಿ ತೆಗೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವೊಂದನ್ನು ಮೊದಲು ಇಳಿಬಿಡುತ್ತಿದ್ದರು. ಸಾಮಾನ್ಯ ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕವು ಸುಮಾರು ಶೇಕಡ 16ಕ್ಕೆ ಇಳಿದರೆ ದೀಪ ಆರಿಹೋಗುತ್ತದೆ. ದೀಪ ಆರಿದರೆ ನಷ್ಟ ಒಂದು ಬತ್ತಿಯಷ್ಟೆ; ಮನುಷ್ಯ ಉಳಿದನು. ಒಳಗೆ ಏನಿದೆಯೆಂಬುದನ್ನು ತಿಳಿಯುವ ಯತ್ನದಲ್ಲಿ ಸೋಲು ಬಂದರೆ ಅದು ಯಾರ ಪಾಲಿಗೆ ಬರಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೇ ಈ ಉಪಾಯದ ಮರ್ಮ.

ಓದಿದ ಮಾತ್ರಕ್ಕೆ ಸಾವುಂಟೆ?

2024ರ ಜುಲೈ 19ರಂದು ಲೋಕವೇ ಗಮನಿಸಿದ ಒಂದು ಅವಘಡ ನಡೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ರಕ್ಷಣಾ ತಂತ್ರಾಂಶವು ವಿಂಡೋಸ್ ಕಂಪ್ಯೂಟರುಗಳ ಅಂತರಾಳದಲ್ಲಿ ನೆಲೆಸಿ, ದುಷ್ಟ ಪ್ರೋಗ್ರಾಮುಗಳನ್ನು ಕಾಯುವ ಕೆಲಸ ಮಾಡುತ್ತದೆ. ಆ ದಿನ ಭಾರತೀಯ ಕಾಲಮಾನ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಸಂಸ್ಥೆಯು ಅದಕ್ಕೆ ಒಂದು ಹೊಸ ಕಡತವನ್ನು ಕಳುಹಿಸಿತು. ಆ ಕಡತವು 21ನೆಯ ಬೆಲೆಯೊಂದನ್ನು ನೋಡುವಂತೆ ಹೇಳುತ್ತಿತ್ತು; ಆದರೆ ತಂತ್ರಾಂಶದ ಕೈಯಲ್ಲಿದ್ದುದು 20 ಬೆಲೆಗಳು ಮಾತ್ರ. ಅದು ಪಟ್ಟಿಯ ಕೊನೆಯನ್ನು ದಾಟಿ, ಇಲ್ಲದ 21ನೆಯದನ್ನು ಓದಲು ಹೋಯಿತು. ಕಂಪ್ಯೂಟರು ಅಲ್ಲಿಗೇ ನಿಂತಿತು. 78 ನಿಮಿಷಗಳಲ್ಲಿ ಆ ಕಡತವನ್ನು ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಅಷ್ಟರಲ್ಲಿಯೇ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆಯನ್ನು ತೋರಿಸಿ ಸ್ತಬ್ಧವಾಗಿದ್ದವು. ಆಸ್ಪತ್ರೆ, ಬ್ಯಾಂಕು, ವಿಮಾನಯಾನ ಎಲ್ಲಕ್ಕೂ ಪೆಟ್ಟು ತಗಲಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಅಂದು ತೊಂದರೆಗೊಳಗಾದರು. ನಮ್ಮ ದೇಶದಲ್ಲಿ ಕೆಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಿಂದಲೇ ಬರೆದುಕೊಡಬೇಕಾಯಿತು.

ಮರುವಾರ ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆ ಹಾಕಿದನು. ತಪ್ಪಾಗಿ ಬರೆದರೆ ಕೆಡುಕಾಗುವುದು ತಿಳಿಯುತ್ತದೆ. ಕೇವಲ ಓದಿದ ಮಾತ್ರಕ್ಕೆ ಯಂತ್ರ ಸಾಯುವುದು ಹೇಗೆ ಎಂದು ಅವನ ಸಂಶಯ. ಪುಸ್ತಕವನ್ನು ಎಷ್ಟು ಸಲ ಓದಿದರೂ ಅದರ ಅಕ್ಷರ ಅಳಿಸುವುದಿಲ್ಲವಷ್ಟೆ? ಪ್ರಶ್ನೆ ಬಹು ಸಮಂಜಸವಾದುದು. ಅದಕ್ಕೆ ಉತ್ತರ ಬೇಕಾದರೆ ಕಂಪ್ಯೂಟರಿನ ಸ್ಮೃತಿ ಪುಸ್ತಕಕ್ಕಿಂತ ಹೇಗೆ ಬೇರೆಯೆಂಬುದನ್ನು ನೋಡಬೇಕು.

ವಿಳಾಸವುಂಟು, ಮನೆಯಿಲ್ಲ

ಕಂಪ್ಯೂಟರಿನಲ್ಲಿ ನಾವು ನಡೆಸುವ ಪ್ರೋಗ್ರಾಮುಗಳು ಅನೇಕ. ಅವೆಲ್ಲವೂ ಒಂದೇ ಸ್ಮೃತಿಯನ್ನು, ಒಂದೇ ಪ್ರೊಸೆಸರನ್ನು ಹಂಚಿಕೊಂಡು ಬಾಳಬೇಕು. ಈ ಹಂಚಿಕೆಯನ್ನು ನಡೆಸುವ ಯಜಮಾನನೇ ಆಪರೇಟಿಂಗ್ ಸಿಸ್ಟಂ. ಅದರ ನಡುಭಾಗವೇ ಕರ್ನೆಲ್, ಎಂದರೆ ತಿರುಳು. ಪ್ರೊಸೆಸರು ಎರಡು ಸ್ಥಿತಿಗಳಲ್ಲಿ ಕೆಲಸಮಾಡುತ್ತದೆ. ಸಾಮಾನ್ಯ ಪ್ರೋಗ್ರಾಮು ನಡೆಯುವಾಗ ಅದರ ಅಧಿಕಾರ ಸೀಮಿತ. ತಿರುಳು ನಡೆಯುವಾಗ ಅಧಿಕಾರ ಪೂರ್ಣ. ಹೊರಗಿನ ಪ್ರೋಗ್ರಾಮು ತಿರುಳಿನ ಸ್ಮೃತಿಯನ್ನು ಮುಟ್ಟಹೋದರೆ ಪ್ರೊಸೆಸರು ಒಡನೆಯೇ ತಡೆಯುತ್ತದೆ.

ಇನ್ನು ವಿಳಾಸದ ವಿಚಾರ. ಪ್ರೋಗ್ರಾಮು ಬಳಸುವ ವಿಳಾಸಗಳು ನಿಜವಾದ ಸ್ಮೃತಿಯ ವಿಳಾಸಗಳಲ್ಲ. ಅವು ಕಲ್ಪಿತ ವಿಳಾಸಗಳು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಕಂಪ್ಯೂಟರಿನಲ್ಲಿ ಈ ವಿಧಾನವು ಮೊದಲು ರೂಢಿಗೆ ಬಂದಿತು. ಸ್ಮೃತಿಯನ್ನು ಸಮನಾದ ಪುಟಗಳಾಗಿ ವಿಭಾಗಿಸುತ್ತಾರೆ. ಇಂದಿನ ಸಾಧಾರಣ ಯಂತ್ರಗಳಲ್ಲಿ ಪುಟವೊಂದಕ್ಕೆ 4,096 ಬೈಟುಗಳು. ಯಾವ ಕಲ್ಪಿತ ಪುಟವು ನಿಜಸ್ಮೃತಿಯ ಯಾವ ಪುಟಕ್ಕೆ ಹೊಂದುತ್ತದೆಯೆಂಬುದನ್ನು ಒಂದು ಕೋಷ್ಟಕದಲ್ಲಿ ಬರೆದಿಡಲಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಬಹುತೇಕ ಯಂತ್ರಗಳಲ್ಲಿ ಕಲ್ಪಿತ ವಿಳಾಸಕ್ಕೆ 48 ದ್ವಿಮಾನ ಅಂಕಗಳನ್ನು ಬಳಸುತ್ತಾರೆ. 2ರ 48ನೆಯ ಘಾತವೆಂದರೆ ಸುಮಾರು 281 ಲಕ್ಷ ಕೋಟಿ ವಿಳಾಸಗಳು. ಯಂತ್ರದಲ್ಲಿ 8 ಗಿಗಾಬೈಟು ಸ್ಮೃತಿಯಿದ್ದರೆ ನಿಜವಾದ ಮನೆಗಳು ಸುಮಾರು 859 ಕೋಟಿ ಮಾತ್ರ. ಭಾಗಿಸಿದರೆ 32,768 ವಿಳಾಸಗಳಿಗೆ ಒಂದು ಮನೆಯಂತಾಯಿತು! ಉಳಿದೆಲ್ಲ ವಿಳಾಸಗಳ ಹಿಂದೆ ಏನೂ ಇಲ್ಲ. ಪುಸ್ತಕದಲ್ಲಿ ಇಲ್ಲದ ಪುಟವನ್ನು ತೆರೆಯಲು ಯಾರಿಗೂ ಸಾಧ್ಯವಿಲ್ಲ. ಕಂಪ್ಯೂಟರಿನಲ್ಲಾದರೋ ಇಲ್ಲದ ಪುಟವನ್ನು ಓದೆಂದು ಆಜ್ಞೆಮಾಡುವುದು ಅತ್ಯಂತ ಸುಲಭ. ಒಂದು ಅಂಕೆ ತಪ್ಪಿದರೆ ಸಾಕು.

ಹಾಗೆ ಆಜ್ಞೆಯಾದಾಗ ಪ್ರೊಸೆಸರು ಕೋಷ್ಟಕವನ್ನು ನೋಡಿ, ಪುಟ ಕಾಣದೆ, ನಡೆಯುತ್ತಿದ್ದ ಕೆಲಸವನ್ನು ನಿಲ್ಲಿಸಿ ತಿರುಳಿಗೆ ದೂರು ಕೊಡುತ್ತದೆ. ಇದಕ್ಕೆ ಪುಟದೋಷವೆಂದು ಹೆಸರು. ಪುಟದೋಷವೆಲ್ಲವೂ ತಪ್ಪಲ್ಲ, ಬೇಕಾದ ಪುಟ ಡಿಸ್ಕಿನಲ್ಲಿದ್ದರೆ ತಿರುಳು ಅದನ್ನು ತಂದು ಕೊಡುತ್ತದೆ. ನಿಜವಾಗಿ ಪುಟವೇ ಇಲ್ಲದಿದ್ದರೆ, ತಪ್ಪು ಮಾಡಿದುದು ಹೊರಗಿನ ಪ್ರೋಗ್ರಾಮಾಗಿದ್ದಲ್ಲಿ ತಿರುಳು ಅದೊಂದನ್ನು ಕೊನೆಗಾಣಿಸುತ್ತದೆ. ಮಿಕ್ಕವು ಎಂದಿನಂತೆ ನಡೆಯುತ್ತವೆ. ಆದರೆ ತಪ್ಪಿದುದು ತಿರುಳೇ ಆದರೆ? ಅದನ್ನು ತಿದ್ದಲು ಅದರ ಮೇಲೆ ಇನ್ನೊಬ್ಬ ಯಜಮಾನನಿಲ್ಲ. ಲೆಕ್ಕ ತಪ್ಪಿದ ತಿರುಳು ಮುಂದುವರಿದರೆ ಡಿಸ್ಕಿನಲ್ಲಿರುವ ಕಡತಗಳನ್ನೆಲ್ಲ ಕೆಡಿಸೀತು. ಅದಕ್ಕಿಂತ ನಿಂತುಬಿಡುವುದೇ ಮೇಲೆಂದು ಯಂತ್ರವನ್ನು ನಿಲ್ಲಿಸುತ್ತಾರೆ. ನೀಲಿ ಪರದೆಯ ಅರ್ಥ ಇಷ್ಟೆ. ಓದಿದ ಮಾತ್ರಕ್ಕೆ ಯಂತ್ರ ಸಾಯುವುದುಂಟೆ ಎಂಬ ಪ್ರಶ್ನೆಗೆ ಉತ್ತರವೂ ಇದೇ.

ಇನ್ನೊಂದು ತೊಡಕೂ ಉಂಟು. ಕೆಲವು ವಿಳಾಸಗಳ ಹಿಂದೆ ಸ್ಮೃತಿಯಿರುವುದಿಲ್ಲ, ಯಾವುದಾದರೊಂದು ಉಪಕರಣವಿರುತ್ತದೆ. ಅಂಥ ಕೆಲವು ಕೋಶಗಳು ಓದಿದೊಡನೆ ಅಳಿಸಿಹೋಗುವಂತೆ ರಚಿತವಾಗಿರುತ್ತವೆ. ಉಷ್ಣತಾಮಾಪಕವನ್ನು ಅದ್ದಿದಾಗ ಅದು ದ್ರವದ ಶಾಖವನ್ನು ಸ್ವಲ್ಪ ಹೀರಿ, ಅಳೆಯಬೇಕಾದ ಉಷ್ಣತೆಯನ್ನೇ ಬದಲಿಸುವುದನ್ನು ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಹಾಗೆಯೇ.

ದೀಪವನ್ನು ಇಳಿಬಿಡುವ ವಿಧಾನ

ಓದುವ ಮೊದಲು ವಿಳಾಸವನ್ನು ಪರೀಕ್ಷಿಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಲಿನಸ್ ಟೊರ್ವಾಲ್ಡ್ಸರು 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನಲ್ಲಿ ಮೊದಮೊದಲು ಹಾಗೆಯೇ ಮಾಡುತ್ತಿದ್ದರು. ಹೊರಗಿನ ಪ್ರೋಗ್ರಾಮು ಕೊಟ್ಟ ವಿಳಾಸವನ್ನು ಮುಟ್ಟುವ ಮೊದಲು ಅದು ಸರಿಯೇ ಎಂದು ತಿರುಳು ಪ್ರತಿಸಲವೂ ಪಟ್ಟಿಯನ್ನು ಹುಡುಕಿ ನೋಡುತ್ತಿತ್ತು. ಇದರಲ್ಲಿ ಎರಡು ಕೊರತೆಗಳಿದ್ದವು. ನೂರಕ್ಕೆ ತೊಂಬತ್ತೊಂಬತ್ತು ಸಲ ವಿಳಾಸ ಸರಿಯಾಗಿಯೇ ಇರುವಾಗ ಪರೀಕ್ಷೆಯ ಶ್ರಮವೆಲ್ಲ ವ್ಯರ್ಥ. ಎರಡನೆಯದು ಇನ್ನೂ ಗಹನವಾದುದು: ಪರೀಕ್ಷೆಗೂ ಓದಿಗೂ ನಡುವಣ ಕ್ಷಣದಲ್ಲಿಯೇ ಮತ್ತೊಂದು ಪ್ರೊಸೆಸರು ಆ ಪುಟವನ್ನು ತೆಗೆದುಹಾಕಿರಬಹುದು. ನಿನ್ನೆ ನೋಡಿದಾಗ ಹಗೇವಿನ ಗಾಳಿ ಚೆನ್ನಾಗಿತ್ತೆಂದು ಇಂದು ಇಳಿಯುವಂತಿಲ್ಲವಷ್ಟೆ?

ಆದುದರಿಂದ 1990ರ ದಶಕದಲ್ಲಿಯೇ ಅವರು ಬೇರೊಂದು ಮಾರ್ಗವನ್ನು ಹಿಡಿದರು. ಪರೀಕ್ಷೆಯನ್ನು ಯಂತ್ರಾಂಗಕ್ಕೇ ಬಿಟ್ಟುಕೊಡುವುದು ಆ ಮಾರ್ಗ. ತಿರುಳಿನಲ್ಲಿ ಎಲ್ಲೆಲ್ಲಿ ಸಂದೇಹಾಸ್ಪದವಾದ ಓದು ನಡೆಯುವುದೋ ಆ ಆದೇಶಗಳ ವಿಳಾಸಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಮೊದಲೇ ಬರೆದಿಡುತ್ತಾರೆ. ಪ್ರತಿಯೊಂದರ ಎದುರಿಗೂ, ಅಲ್ಲಿ ಓದು ವಿಫಲವಾದರೆ ಮುಂದೆ ಎಲ್ಲಿಗೆ ಹೋಗಬೇಕೆಂಬ ಇನ್ನೊಂದು ವಿಳಾಸವಿರುತ್ತದೆ. ಇದನ್ನು ಅಪವಾದಗಳ ಪಟ್ಟಿಯೆನ್ನೋಣ. ಓದುವಾಗ ಪರೀಕ್ಷೆಯಿಲ್ಲ, ತಡವಿಲ್ಲ. ಪುಟದೋಷ ಬಂದರೆ ಮಾತ್ರ ತಿರುಳು ಪಟ್ಟಿಯನ್ನು ತೆರೆಯುತ್ತದೆ. ದೋಷವೆಸಗಿದ ಆದೇಶ ಅದರಲ್ಲಿದ್ದರೆ, ಯಂತ್ರವನ್ನು ನಿಲ್ಲಿಸದೆ ಗೊತ್ತುಮಾಡಿದ ಸ್ಥಳಕ್ಕೆ ನೆಗೆದು, ಓದಲಾಗಲಿಲ್ಲವೆಂದು ಕೇಳಿದವರಿಗೆ ತಿಳಿಸುತ್ತದೆ. ಇಲ್ಲದಿದ್ದರೆ ಅದು ಅನಿರೀಕ್ಷಿತವಾದ ತಪ್ಪು; ಆಗ ಹಿಂದಿನಂತೆಯೇ ಕಠಿಣ ಕ್ರಮ.

ತಿರುಳು ತನ್ನದೇ ಸ್ಮೃತಿಯನ್ನು ಸಂಶಯದಿಂದ ಓದಬೇಕಾದಾಗಲೂ ಇದೇ ಉಪಾಯ. ಅದಕ್ಕೆಂದೇ ಇರುವ ಲಿನಕ್ಸಿನ ವಿಧಿಯನ್ನು 2020ರಿಂದ ‘ಕಾಪಿ ಫ್ರಮ್ ಕರ್ನೆಲ್ ನೋಫಾಲ್ಟ್’ ಎಂದು ಕರೆಯುತ್ತಾರೆ. ದೋಷವಾಗದಂತೆ ತಿರುಳಿನಿಂದ ನಕಲು ಮಾಡು ಎಂದರ್ಥ. ಅದು ಮೊದಲು ವಿಳಾಸವು ತಿರುಳಿನ ಎಲ್ಲೆಯೊಳಗಿದೆಯೇ ಎಂದು ನೋಡುತ್ತದೆ. ಬಳಿಕ, ಪುಟ ಸಿಗದಿದ್ದರೆ ಡಿಸ್ಕಿನಿಂದ ತರಲು ಕಾಯಕೂಡದೆಂದು ಕಟ್ಟುಮಾಡಿ, ಓದಲು ಯತ್ನಿಸುತ್ತದೆ. ದೊರೆತರೆ ಬೆಲೆ, ಇಲ್ಲದಿದ್ದರೆ ದೊರೆಯಲಿಲ್ಲವೆಂಬ ಸಂಕೇತ. ದೀಪ ಆರಿತು, ಹಗ್ಗ ಹಿಡಿದವನು ಕ್ಷೇಮ.

ಬೆಂಗಳೂರಿನಲ್ಲಿ ನಡೆದ ಕೆಲಸ

ಯಂತ್ರ ಸುಸ್ಥಿತಿಯಲ್ಲಿರುವಾಗ ತಿರುಳನ್ನು ಇಣುಕಿ ನೋಡುವ ಅಗತ್ಯವೇನು? ರೋಗಿ ಬದುಕಿರುವಾಗಲೇ ನಾಡಿ ಹಿಡಿದು ನೋಡಬೇಕಲ್ಲವೆ? ಬ್ಯಾಂಕಿನ ಕಂಪ್ಯೂಟರು ಏಕೋ ನಿಧಾನವಾಯಿತೆಂದರೆ ಅದನ್ನು ನಿಲ್ಲಿಸಿ, ಬಿಚ್ಚಿ ನೋಡಲಾಗದು, ನಡೆಯುತ್ತಿರುವಾಗಲೇ ನೋಡಬೇಕು. ಈ ಕಾರ್ಯಕ್ಕೆ ಲೋಕವೆಲ್ಲ ಬಳಸುತ್ತಿರುವ ಎರಡು ಸಾಧನಗಳ ರಚನೆಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಮೊದಲನೆಯದು ಕೆಪ್ರೋಬ್ಸ್. ಐಬಿಎಂ ಸಂಸ್ಥೆಯ ಬೆಂಗಳೂರಿನ ಲಿನಕ್ಸ್ ವಿಭಾಗದಲ್ಲಿದ್ದ ವಂಶಿ ಕೃಷ್ಣ ಅವರು 2002ರ ಅಕ್ಟೋಬರಿನಲ್ಲಿ ಇದರ ಮೊದಲ ರೂಪವನ್ನು ಬರೆದರು. ಅಲ್ಲಿಯವರೇ ಆದ ಸುಪರ್ಣಾ ಭಟ್ಟಾಚಾರ್ಯ ಮತ್ತು ಪ್ರಸನ್ನ ಪಂಚಮುಖಿ ಅವರು 2004ರಲ್ಲಿ ಅದನ್ನು ಬೆಳೆಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸಿನ 2.6.9ನೆಯ ಆವೃತ್ತಿಯಲ್ಲಿ ಅದು ಸೇರಿತು. ಈ ಹೆಸರುಗಳನ್ನು ಆ ಕಡತದ ತಲೆಯಲ್ಲಿಯೇ ಬರೆದಿದ್ದಾರೆ.

ಅದರ ಕ್ರಮ ಹೀಗಿದೆ. ತಿರುಳಿನ ಯಾವ ಆದೇಶದ ಬಳಿ ನೋಡಬೇಕೋ ಆ ಆದೇಶವನ್ನು ಬೇರೆಡೆ ನಕಲು ಮಾಡಿಟ್ಟು, ಮೂಲಸ್ಥಳದಲ್ಲಿ ‘ಇಲ್ಲಿ ನಿಲ್ಲು’ ಎಂಬ ಸಂಕೇತವನ್ನು ಹಾಕುತ್ತಾರೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಈ ಸಂಕೇತಕ್ಕೆ ಒಂದೇ ಬೈಟು ಸಾಕು. ಪ್ರೊಸೆಸರು ಅಲ್ಲಿಗೆ ಬಂದೊಡನೆ ನಿಲ್ಲುತ್ತದೆ; ನೋಡುವ ಪ್ರೋಗ್ರಾಮು ಬೇಕಾದ ಬೆಲೆಗಳನ್ನು ಓದಿಕೊಳ್ಳುತ್ತದೆ; ಬಳಿಕ ನಕಲು ಮಾಡಿಟ್ಟ ಆದೇಶವು ನಡೆದು ಕೆಲಸ ಮುಂದುವರಿಯುತ್ತದೆ. ಈ ನಿಲುಗಡೆಯಲ್ಲಿ ಮೈಮರೆತು ಕಾಯುವಂತಿಲ್ಲ, ತಪ್ಪು ವಿಳಾಸ ಮುಟ್ಟಿ ದೋಷವೆಸಗುವಂತೆಯೂ ಇಲ್ಲ. ಹೇಳಬೇಕಾದುದೇನೆಂದರೆ, ಇಲ್ಲಿಯೇ ಸುರಕ್ಷಿತ ಓದಿನ ದೀಪ ಅತ್ಯವಶ್ಯ. ಕೆಪ್ರೋಬ್ಸ್ ತಾನೇ ಅವಲಂಬಿಸಿರುವ ಕೆಲವು ಭಾಗಗಳಲ್ಲಿ ಮಾತ್ರ ಈ ಸಂಕೇತವನ್ನು ಹಾಕಲು ಅದು ಒಪ್ಪುವುದಿಲ್ಲ. ಹಾಕಿದರೆ ತನ್ನನ್ನೇ ತಾನು ನಿಲ್ಲಿಸಿಕೊಂಡಂತಾದೀತು.

ಎರಡನೆಯದು ಕೆಡಂಪ್. ಇದು ಮರಣಾನಂತರದ ಪರೀಕ್ಷೆ. ತಿರುಳು ಕುಸಿದಾಗ ಅದರ ಸ್ಮೃತಿಯಲ್ಲಿಯೇ ಕಾರಣ ಅಡಗಿರುತ್ತದೆ. ಆದರೆ ಕುಸಿದ ತಿರುಳಿನಿಂದಲೇ ಅದನ್ನು ಡಿಸ್ಕಿಗೆ ಬರೆಸುವುದು ಅಪಾಯಕರ. ಮತಿಗೆಟ್ಟವನಿಂದ ಮರಣಶಾಸನ ಬರೆಸಿದಂತೆ ಅದು ಎಲ್ಲಿ ಏನನ್ನು ಗೀಚುವುದೋ ಬಲ್ಲವರಾರು? ಐಬಿಎಂನ ಭಾರತೀಯ ಶಾಖೆಯ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮತ್ತು ಅಮೆರಿಕದ ಎರಿಕ್ ಬೀಡರ್‌ಮನ್ ಮೊದಲಾದವರು ಇದಕ್ಕೆ ಸೊಗಸಾದ ಪರಿಹಾರವನ್ನು ಕಂಡರು. ಯಂತ್ರ ಆರಂಭವಾಗುವಾಗಲೇ ಸ್ಮೃತಿಯ ಒಂದು ಸಣ್ಣ ಭಾಗವನ್ನು ಮೀಸಲಿಟ್ಟು, ಅಲ್ಲಿ ಎರಡನೆಯ ತಿರುಳೊಂದನ್ನು ಮಲಗಿಸಿಡುತ್ತಾರೆ. ಮೊದಲನೆಯದು ಕುಸಿದೊಡನೆ ಎರಡನೆಯದು ಎದ್ದು, ತನ್ನ ಮೀಸಲು ಭಾಗದಲ್ಲಿಯೇ ಇದ್ದುಕೊಂಡು, ಉಳಿದ ಸ್ಮೃತಿಯನ್ನು ಒಂದು ಕಡತದಂತೆ ಓದಿ ಉಳಿಸುತ್ತದೆ. 2005ರ ಆಗಸ್ಟಿನಲ್ಲಿ 2.6.13ನೆಯ ಆವೃತ್ತಿಯೊಡನೆ ಇದು ಲಿನಕ್ಸಿಗೆ ಬಂದಿತು.

ದೀಪವು ಹೇಳದ ಸಂಗತಿ

ಹಗೇವಿನ ದೀಪ ಉರಿಯಿತೆಂದರೆ ಆಮ್ಲಜನಕ ಸಾಕಷ್ಟಿದೆಯೆಂದರ್ಥ. ಬೇರೆ ವಿಷಾನಿಲಗಳಿಲ್ಲವೆಂದು ಅದು ಹೇಳಲಾರದು. ಇಂದಿನ ಕೆಲಸಗಾರರಿಗೆ ಅನಿಲಮಾಪಕಗಳನ್ನು ವಿಧಿಸಿರುವುದು ಈ ಕಾರಣದಿಂದಲೇ. ಅಂತೆಯೇ ಸುರಕ್ಷಿತ ಓದು ಯಂತ್ರ ನಿಲ್ಲದಂತೆ ಕಾಪಾಡುತ್ತದೆಯೇ ಹೊರತು, ಓದಿದ್ದು ಸತ್ಯವೆಂದು ಪ್ರಮಾಣ ಮಾಡುವುದಿಲ್ಲ. ನಾವು ಓದುತ್ತಿರುವಾಗಲೇ ಇನ್ನೊಂದು ಪ್ರೊಸೆಸರು ಅದನ್ನು ಬದಲಿಸುತ್ತಿದ್ದರೆ ಅರ್ಧ ಹಳೆಯದು, ಅರ್ಧ ಹೊಸದು ನಮ್ಮ ಕೈಗೆ ಬರಬಹುದು. ಕೆಲವು ಬಗೆಯ ಯಂತ್ರಗಳಲ್ಲಿ ಒಂದೇ ಸಂಖ್ಯೆಯು ತಿರುಳಿನ ವಿಳಾಸವೂ ಆಗಬಹುದು, ಹೊರಗಿನ ಪ್ರೋಗ್ರಾಮಿನ ವಿಳಾಸವೂ ಆಗಬಹುದು. ಇದರಿಂದಾದ ಗೊಂದಲವನ್ನು ಕಳೆಯಲು, ಬಿಪಿಎಫ್ ಎಂಬ ವೀಕ್ಷಣ ಸಾಧನದಲ್ಲಿದ್ದ ಒಂದೇ ಓದುವ ವಿಧಿಗೆ ಬದಲಾಗಿ, ತಿರುಳಿಗೊಂದು ಮತ್ತು ಹೊರಗಿನದಕ್ಕೊಂದು ಎಂಬ ಎರಡು ವಿಧಿಗಳನ್ನು 2020ರಲ್ಲಿ ಬಳಕೆಗೆ ತಂದರು.

ಇದುವರೆಗೆ ನಾವು ನೋಡಿದುದು ಓದುವವನ ಕ್ಷೇಮ. ಹಗೇವಿನ ಬಾಯನ್ನು ನೆಲಸಮ ಮಾಡಿ ಕಳ್ಳನಿಂದ ಕಾಯುತ್ತಿದ್ದರೆಂಬುದನ್ನೂ ಮರೆಯಬಾರದು. ತಿರುಳಿನ ಸ್ಮೃತಿಯಲ್ಲಿ ಗುಪ್ತಪದಗಳೂ ಬೀಗದ ಕೈಗಳಂಥ ಸಂಕೇತಗಳೂ ಇರುತ್ತವೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ದೋಷವು ಈ ಕಾವಲಿನಲ್ಲಿದ್ದ ಬಿರುಕನ್ನು ತೋರಿಸಿಕೊಟ್ಟಿತು. ಮುಖ್ಯವಾಗಿ ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳು ವೇಗಕ್ಕಾಗಿ ಮುಂದಿನ ಆದೇಶಗಳನ್ನು ಮುಂಚಿತವಾಗಿಯೇ ನಡೆಸಿ ನೋಡುತ್ತವೆ. ಹೊರಗಿನ ಪ್ರೋಗ್ರಾಮು ತಿರುಳಿನ ಬೈಟೊಂದನ್ನು ಕೇಳಿದಾಗ, ಅಧಿಕಾರವಿಲ್ಲವೆಂದು ತೀರ್ಮಾನವಾಗುವ ಮೊದಲೇ ಆ ಬೈಟನ್ನು ಬಳಸಿ ಮುಂದಿನ ಹೆಜ್ಜೆಯನ್ನೂ ಇಟ್ಟಿರುತ್ತಿದ್ದವು. ಬಳಿಕ ಎಲ್ಲವನ್ನೂ ರದ್ದುಮಾಡಿದರೂ, ಪ್ರೊಸೆಸರಿನ ಬಳಿಯ ಕಿರುಸ್ಮೃತಿಯಲ್ಲಿ ಆ ಹೆಜ್ಜೆಯ ಗುರುತು ಉಳಿಯುತ್ತಿತ್ತು. ಕಿರುಸ್ಮೃತಿಯಲ್ಲಿರುವುದು ಕೆಲವೇ ನ್ಯಾನೊಸೆಕೆಂಡುಗಳಲ್ಲಿ ದೊರೆಯುತ್ತದೆ; ದೊಡ್ಡ ಸ್ಮೃತಿಯಿಂದ ತರಲು ಸುಮಾರು ನೂರು ನ್ಯಾನೊಸೆಕೆಂಡು ಬೇಕು. ಬೆಳಕು ಸುಮಾರು ಮೂವತ್ತು ಮೀಟರು ಸಾಗುವಷ್ಟು ಕಾಲ ಅದು. ಈ ಅಲ್ಪ ಅಂತರವನ್ನು ಅಳೆದು, ಕಣ್ಣಿಗೆ ಕಾಣದ ಬೈಟು ಯಾವುದೆಂದು ಊಹಿಸಬಹುದಾಗಿತ್ತು. ಪರಿಹಾರವಾಗಿ, ಹೊರಗಿನ ಪ್ರೋಗ್ರಾಮು ನಡೆಯುವಾಗ ತಿರುಳಿನ ಪುಟಗಳ ಬಹುಭಾಗವನ್ನು ಕೋಷ್ಟಕದಿಂದಲೇ ತೆಗೆದಿಡುವ ಏರ್ಪಾಡು ಮಾಡಿದರು. ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧಕರು ಮೊದಲೇ ರೂಪಿಸಿದ್ದ ಉಪಾಯವೇ ಇದಕ್ಕೆ ತಳಹದಿಯಾಯಿತು. ಲಿನಕ್ಸಿನಲ್ಲಿ ತಿರುಳಿನ ಸ್ಮೃತಿಯನ್ನು ನೇರವಾಗಿ ತೆರೆದು ತೋರಿಸುತ್ತಿದ್ದ ‘ಕೆಮೆಮ್’ ಎಂಬ ಹಳೆಯ ಕಿಂಡಿಯನ್ನೂ 2021ರಲ್ಲಿ ಶಾಶ್ವತವಾಗಿ ಮುಚ್ಚಿಬಿಟ್ಟರು.

ಲಿನಕ್ಸ್ ಯಂತ್ರವಿರುವ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ನಿರ್ಭಯವಾಗಿ ಮಾಡಬಹುದು. ‘ಪ್ರೋಕ್’ ಎಂಬ ಕಡತಕೋಶದಲ್ಲಿರುವ ‘ಮೆಮ್‌ಇನ್ಫೋ’ ಎಂಬ ಕಡತವನ್ನು ತೆರೆದು ನೋಡಿರಿ. ಸ್ಮೃತಿ ಎಷ್ಟಿದೆ, ಎಷ್ಟು ಬರಿದಾಗಿದೆ ಎಂಬ ಲೆಕ್ಕವೆಲ್ಲ ಅಲ್ಲಿ ದೊರೆಯುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ತೆರೆದರೆ ಅಂಕೆಗಳು ಬದಲಾಗಿರುತ್ತವೆ. ಏಕೆಂದರೆ ಅದು ಡಿಸ್ಕಿನಲ್ಲಿರುವ ಕಡತವಲ್ಲ. ನೀವು ಕೇಳಿದಾಗ ತಿರುಳು ತನ್ನ ಸ್ಮೃತಿಯನ್ನು ತಾನೇ ನೋಡಿ ಬರೆದುಕೊಡುವ ಉತ್ತರ. ತಿರುಳನ್ನು ತಿಳಿಯಲು ಎಲ್ಲಕ್ಕಿಂತ ಕ್ಷೇಮವಾದ ದಾರಿ ತಿರುಳನ್ನೇ ಕೇಳುವುದು. ಆ ದಾರಿ ಸಾಲದಾದಾಗ ಮಾತ್ರ ದೀಪ ಇಳಿಬಿಡಬೇಕು.

2024ರ ಅವಘಡದಲ್ಲಿ ಕೊರತೆಯಾದುದು ಬುದ್ಧಿವಂತಿಕೆಯಲ್ಲ. ಇಪ್ಪತ್ತೇ ಬೆಲೆಗಳಿರುವಾಗ ಇಪ್ಪತ್ತೊಂದನೆಯದನ್ನು ಕೇಳಿದರೆ ಏನಾದೀತೆಂದು ಓದುವ ಮೊದಲು ಯಾರೂ ಕೇಳಿಕೊಳ್ಳಲಿಲ್ಲ, ಅಷ್ಟೆ. ಅಂತರಘಟ್ಟೆಯ ಆ ವೃದ್ಧರು ಕಂಪ್ಯೂಟರಿನ ತಿರುಳನ್ನು ಕಂಡವರಲ್ಲ. ಆದರೂ ಬಾಯಿ ತೆರೆದ ಹಗೇವಿನ ಮುಂದೆ ನಿಂತಾಗ ಮೊದಲು ಏನು ಮಾಡಬೇಕೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.